ತರಂಗ ಬದಲಾದಾಗ ಕೈತಪ್ಪುವ ಊರುಗಳು

ಬಾನುಲಿ ಕೇಂದ್ರವೊಂದು ಮಧ್ಯಮ ತರಂಗದಿಂದ (ಮೀಡಿಯಂ ವೇವ್) ಎಫ್‌ಎಂಗೆ ಬದಲಾದಾಗ ಧ್ವನಿ ತಿಳಿಯಾಯಿತೆಂದು ಎಲ್ಲರೂ ಸಂತೋಷಪಡುತ್ತಾರೆ. ಅದುವರೆಗೆ ಆ ಕೇಂದ್ರವನ್ನು ಕೇಳುತ್ತಿದ್ದ ಯಾವ ಊರುಗಳಿಗೆ ಅದು ಇನ್ನು ಮುಂದೆ ಸಿಗುವುದಿಲ್ಲ ಎಂದು ವಿಚಾರಿಸುವವರು ಕಡಿಮೆ. ಕರ್ನಾಟಕದಲ್ಲಿ ಯಾರು ಏನನ್ನು ಕೇಳಬಹುದು ಎಂಬುದನ್ನು ಕಾರ್ಯಕ್ರಮ ರೂಪಿಸುವವರಷ್ಟೇ ಪ್ರೇಷಕದ (ಟ್ರಾನ್ಸ್‌ಮಿಟರ್) ಸ್ಥಳ ಮತ್ತು ಶಕ್ತಿಯೂ ನಿರ್ಧರಿಸುತ್ತ ಬಂದಿವೆ.

ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದಾಗ ಅವರ ಬಳಿಯಿದ್ದದ್ದು 30 ವ್ಯಾಟ್‌ನ ಪ್ರೇಷಕ. ಅಂದಿನ ಮನೆಗಳಲ್ಲಿ ಉರಿಯುತ್ತಿದ್ದ ವಿದ್ಯುತ್ ಬಲ್ಬಿಗಿಂತಲೂ ಕಡಿಮೆ ಶಕ್ತಿಯದು. ಮುಂದೆ ಅದನ್ನು ಮೈಸೂರು ಸಂಸ್ಥಾನ ವಹಿಸಿಕೊಂಡಿತು. ಧಾರವಾಡ ಇನ್ನೂ ಮುಂಬಯಿ ಪ್ರಾಂತದಲ್ಲಿದ್ದಾಗಲೇ, 1950ರ ಜನವರಿ 8ರಂದು ಅಲ್ಲಿ ಕೇಂದ್ರ ಆರಂಭವಾಯಿತು. ಏಕೀಕರಣಕ್ಕೆ ಆರು ವರ್ಷ ಮೊದಲೇ ಆ ಭಾಗದ ಕನ್ನಡಿಗರಿಗೆ ತಮ್ಮದೇ ಬಾನುಲಿ ದೊರೆತದ್ದು ಸಣ್ಣ ಸಂಗತಿಯಲ್ಲ. ಆದರೆ 1955ರಲ್ಲಿ ಮೈಸೂರಿನ ಕೇಂದ್ರ ಬೆಂಗಳೂರಿಗೆ ಹೋಯಿತು, ಮತ್ತು ಪ್ರಸಾರ ಹುಟ್ಟಿದ ಊರೇ ತನ್ನ ಕೇಂದ್ರಕ್ಕಾಗಿ 1974ರವರೆಗೆ ಕಾಯಬೇಕಾಯಿತು. ಈ ನಡುವೆ 1960ರ ದಶಕದಲ್ಲಿ ಭದ್ರಾವತಿ ಮತ್ತು ಕಲಬುರಗಿ, ಮುಂದೆ 1976ರಲ್ಲಿ ಮಂಗಳೂರು ಆಕಾಶವಾಣಿಯ ನಕ್ಷೆಗೆ ಸೇರಿದವು.

ಇವೆಲ್ಲ ಮಧ್ಯಮ ತರಂಗದ ಕೇಂದ್ರಗಳಾಗಿ ಬೆಳೆದವು, ಮತ್ತು ಆ ತರಂಗದ ಗುಣವೇ ಹಳ್ಳಿಗಳನ್ನು ಒಟ್ಟುಗೂಡಿಸಿತು. ಹಗಲಿನಲ್ಲಿ ಅದು ನೆಲದ ಬಾಗನ್ನು ಅನುಸರಿಸಿ ಗುಡ್ಡಗಳಾಚೆಗೂ ಹರಿಯುತ್ತದೆ. ಕತ್ತಲಾದ ಮೇಲೆ ಅದನ್ನು ಹೀರಿಕೊಳ್ಳುವ, ಮೇಲ್ವಾತಾವರಣದ ವಿದ್ಯುದಾವೇಶಿತ ವಲಯದ ಕೆಳಪದರ ಕರಗುವುದರಿಂದ, ಮೇಲಿನ ಪದರಕ್ಕೆ ತಾಗಿ ನೂರಾರು ಕಿಲೋಮೀಟರ್ ದೂರದಲ್ಲಿ ಮರಳಿ ಇಳಿಯುತ್ತದೆ. ಬೆಂಗಳೂರಿನ 612 ಮತ್ತು ಧಾರವಾಡದ 765 ಕಿಲೋಹರ್ಟ್ಸ್‌ಗೆ 200 ಕಿಲೋವ್ಯಾಟ್‌ನ ಪ್ರೇಷಕಗಳಿದ್ದುದರಿಂದ, ಪ್ರದೇಶ ಸಮಾಚಾರವನ್ನೂ ಕೃಷಿರಂಗವನ್ನೂ ಹಲವು ಜಿಲ್ಲೆಗಳು ಒಟ್ಟಿಗೇ ಕೇಳಿದವು. ಪೆಟ್ಟಿಗೆಯೊಳಗಿನ ಫೆರೈಟ್ ಕಡ್ಡಿಯೇ ಆಂಟೆನಾ ಆಗಿರುವುದರಿಂದ, ಕರಕರ ಶಬ್ದ ಬಂದರೆ ರೇಡಿಯೊವನ್ನು ಪೂರ್ವಕ್ಕೋ ಉತ್ತರಕ್ಕೋ ಮೆಲ್ಲಗೆ ತಿರುಗಿಸಿ ಇಡುವುದು ಮನೆಯ ಹಿರಿಯರಿಗೆಲ್ಲ ಗೊತ್ತಿದ್ದ ಉಪಾಯ.

ಈ ವ್ಯವಸ್ಥೆ ದುಬಾರಿಯಾದದ್ದು. ಎತ್ತರದ ಕಂಬವೇ ಇಲ್ಲಿ ಆಂಟೆನಾ. ಅದರ ಸುತ್ತ ನೆಲದೊಳಗೆ ತಾಮ್ರದ ತಂತಿಗಳನ್ನು ಹರಡಬೇಕು, ಅದಕ್ಕೆ ಎಕರೆಗಟ್ಟಲೆ ಜಾಗ ಬೇಕು, ವಿದ್ಯುತ್ತಿನ ಖರ್ಚಂತೂ ನಿಲ್ಲುವುದೇ ಇಲ್ಲ. ಮನೆಗಳಿಗೆ ಎಲ್‌ಇಡಿ ದೀಪ, ಯುಪಿಎಸ್, ಚಾರ್ಜರ್‌ಗಳು ಬಂದ ಮೇಲೆ ಅವು ಹೊಮ್ಮಿಸುವ ಗದ್ದಲ ಮಧ್ಯಮ ತರಂಗವನ್ನು ಇನ್ನಷ್ಟು ಕೆಡಿಸಿತು. ಎಫ್‌ಎಂನತ್ತ ಒಲವು ಬೆಳೆದದ್ದಕ್ಕೆ ಕಾರಣಗಳು ಹೀಗೆ ನ್ಯಾಯವಾದವೇ. ಆದರೆ ಎಫ್‌ಎಂ ಬಹುಮಟ್ಟಿಗೆ ನೇರ ದೃಷ್ಟಿಯಲ್ಲಿ ಸಾಗುವ ತರಂಗ: ಗೋಪುರ ಎತ್ತರವಾದಷ್ಟೂ ವ್ಯಾಪ್ತಿ ಹೆಚ್ಚು, ಮಧ್ಯೆ ಬೆಟ್ಟ ಬಂದರೆ ಅದರ ಹಿಂದಿನ ಕಣಿವೆ ಮೌನ. ಬಯಲುಸೀಮೆಯಲ್ಲಿ ಈ ಕೊರತೆ ಅಷ್ಟಾಗಿ ಕಾಣದು. ಮಲೆನಾಡಿನಲ್ಲಿ ಮತ್ತು ಘಟ್ಟದ ತಪ್ಪಲಿನಲ್ಲಿ ಪ್ರತಿ ತಿರುವಿನಲ್ಲೂ ಕಾಣುತ್ತದೆ. ಮಡಿಕೇರಿಯ 103.1, ಹಾಸನದ 102.2 ಮೆಗಾಹರ್ಟ್ಸ್‌ನಂಥ ಕೇಂದ್ರಗಳು ತಮ್ಮ ನೆರೆಹೊರೆಗೆ ಚೆನ್ನಾಗಿ ದುಡಿಯುತ್ತಿವೆ. ದೂರದ ಒಂದು ದೊಡ್ಡ ಪ್ರೇಷಕ ತುಂಬುತ್ತಿದ್ದ ಜಾಗವನ್ನೆಲ್ಲ ತುಂಬಲು ಅಂಥವು ಎಷ್ಟೋ ಬೇಕು.

ಖಾಸಗಿ ಎಫ್‌ಎಂ ಬಂದ ಮೇಲೆ ವ್ಯಾಪ್ತಿಯ ಜೊತೆಗೆ ಭಾಷೆಯೂ ಲೆಕ್ಕಾಚಾರಕ್ಕೆ ಬಂತು. ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದ ಬಳಿಕ, ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರವಾದ ರೇಡಿಯೊ ಸಿಟಿ 2001ರ ಜುಲೈ 3ರಂದು ಬೆಂಗಳೂರಿನಲ್ಲೇ ಆರಂಭವಾಯಿತು. ಖಾಸಗಿ ಎಫ್‌ಎಂಗೆ ಸರ್ಕಾರ ಹಂತಹಂತವಾಗಿ ಕೊಟ್ಟ ಪರವಾನಗಿಗಳ ಮೊದಲ ಹಂತದಲ್ಲಿ ಶುಲ್ಕ ವರ್ಷಕ್ಕೆ ಶೇ 15ರಂತೆ ಏರುತ್ತಿತ್ತು. ಆ ಹೊರೆಯನ್ನು ತಾಳಲಾರದೆ ಉದ್ಯಮ ತತ್ತರಿಸಿದ್ದರಿಂದ 2005ರಲ್ಲಿ ಶುಲ್ಕವನ್ನು ಆದಾಯದ ಪಾಲಿಗೆ ಜೋಡಿಸಲಾಯಿತು. ಮರುವರ್ಷ ಬೆಂಗಳೂರಿಗೆ ಒಂದರ ಹಿಂದೊಂದು ವಾಹಿನಿಗಳು ಬಂದವು: ಇಂಗ್ಲಿಷ್ ಗೀತೆಗಳಿಗೊಂದು, ಹಿಂದಿಗೆ ಕೆಲವು, ಕನ್ನಡಕ್ಕೆ ಕೆಲವು. ಜಾಹೀರಾತುದಾರರು ಬೇಡುವ ಕೇಳುಗವರ್ಗ ಬದಲಾದಂತೆ ಹಾಡುಗಳ ಭಾಷೆಯೂ ಹಿಂದೆ ಮುಂದೆ ಸರಿಯಿತು. 2006ರ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’ಯ ಹಾಡುಗಳು ಮನೆಮನೆಗೂ ತಲುಪಿದ ಮೇಲೆ ಕನ್ನಡ ಗೀತೆಗೆ ನಗರದಲ್ಲೂ ಮಾರುಕಟ್ಟೆಯಿದೆ ಎಂಬುದನ್ನು ಒಪ್ಪದೆ ಗತ್ಯಂತರವಿರಲಿಲ್ಲ ಎಂದು ನಾನು ಭಾವಿಸುತ್ತೇನೆ. ಆದರೂ ಸ್ವಂತ ಸುದ್ದಿ ಪ್ರಸಾರಕ್ಕೆ ಈ ವಾಹಿನಿಗಳಿಗೆ ಅನುಮತಿಯಿಲ್ಲ; ಮೂರನೇ ಹಂತದ ನೀತಿಯಲ್ಲಿ ಆಕಾಶವಾಣಿಯ ವಾರ್ತೆಯನ್ನು ಯಥಾವತ್ತಾಗಿ ಮರುಪ್ರಸಾರ ಮಾಡಬಹುದು, ಅಷ್ಟೇ. ಆಕಾಶವಾಣಿಯ ಅಲೆ ಹಿಂದೆ ಸರಿದ ಕಡೆ ರೇಡಿಯೊದ ಸ್ಥಳೀಯ ಸುದ್ದಿಯೂ ಹಿಂದೆ ಸರಿಯುವುದು ಇದರಿಂದಲೇ.

ಕೇಂದ್ರ ಸರ್ಕಾರದ 2006ರ ನೀತಿ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿಯ, ಅಂದರೆ ಸ್ಥಳೀಯರೇ ನಡೆಸುವ ಪುಟ್ಟ ಕೇಂದ್ರಗಳ, ಅವಕಾಶ ಕೊಟ್ಟಿತು. ಅವುಗಳ ಶಕ್ತಿಯ ಮಿತಿ 100 ವ್ಯಾಟ್ ಆದುದರಿಂದ ಸುತ್ತಲಿನ ಕೆಲವೇ ಹಳ್ಳಿಗಳಿಗೆ ಅವು ಮುಟ್ಟುತ್ತವೆ. 2023ರ ಏಪ್ರಿಲ್ 28ರಂದು ದೇಶದಾದ್ಯಂತ ಚಾಲನೆಗೊಂಡ ಆಕಾಶವಾಣಿಯ 91 ಎಫ್‌ಎಂ ಪ್ರೇಷಕಗಳೂ ತಲಾ 100 ವ್ಯಾಟ್‌ನವೇ. 2024ರಲ್ಲಿ ಕೇಂದ್ರ ಸಂಪುಟ 234 ಹೊಸ ನಗರಗಳಲ್ಲಿ 730 ಖಾಸಗಿ ವಾಹಿನಿಗಳ ಹರಾಜಿಗೆ ಒಪ್ಪಿಗೆ ನೀಡಿತು. ಹರಾಜಾಗುವುದು ನಗರಗಳೇ, ಎರಡು ನಗರಗಳ ನಡುವಿನ ಊರುಗಳಲ್ಲ. ಮೊಬೈಲ್‌ನಲ್ಲಿ ಕೇಳಬಹುದಲ್ಲ ಎಂಬ ಉತ್ತರ ಸುಲಭವಾಗಿ ಬರುತ್ತದೆ. ಇಯರ್‌ಫೋನ್ ತಂತಿಯನ್ನೇ ಆಂಟೆನಾ ಮಾಡಿಕೊಂಡು ಎಫ್‌ಎಂ ಹಿಡಿಯುತ್ತಿದ್ದ ಫೋನ್‌ಗಳ ಜಾಗಕ್ಕೆ ತಂತಿ ಚುಚ್ಚುವ ಕಿಂಡಿಯೇ ಇಲ್ಲದ ಫೋನ್‌ಗಳು ಬಂದಿವೆ, ಆ್ಯಪ್ ಮೂಲಕ ಕೇಳಲು ಡೇಟಾ ಬೇಕು, ಮಳೆಗಾಲದಲ್ಲಿ ಕರೆಂಟು ಹೋಗಿ ಮೊಬೈಲ್ ಗೋಪುರವೂ ನಿಂತ ರಾತ್ರಿ ಎರಡು ಸೆಲ್ಲಿನ ರೇಡಿಯೊ ಮಾತ್ರ ಮಾತಾಡಬಲ್ಲದು. ಮಧ್ಯಮ ತರಂಗದ ಯಾವುದೇ ಪ್ರೇಷಕವನ್ನು ನಿಲ್ಲಿಸುವ ಮುನ್ನ, ಅದರ ಅಲೆ ಇಂದು ಮುಟ್ಟುವ ತಾಲ್ಲೂಕುಗಳ ನಕ್ಷೆಯನ್ನು ಪ್ರಕಟಿಸಿ, ಬರಿದಾಗುವ ಕಣಿವೆಗಳಿಗೆ ಮರುಪ್ರಸಾರ ಗೋಪುರಗಳನ್ನು ಮೊದಲೇ ನಿಲ್ಲಿಸಬೇಕು.