ಗಿಡದ ನಂಜು ಲೋಹಕ್ಕೆ ಅಚ್ಚಾದ ಬಗೆ

ಬೀಡಿ ಸೇದಿದ ಕೈಯನ್ನು ಸೋಪು ಹಾಕಿ ತೊಳೆಯದೆ ಟೊಮೆಟೊ ಸಸಿ ಮುಟ್ಟಬಾರದು. ಕೋಲಾರದಂಥ ಟೊಮೆಟೊ ಸೀಮೆಯಲ್ಲಿ ಇದು ಬರಿಯ ಮಡಿಯ ಮಾತಲ್ಲ. ಒಣಗಿದ ಹೊಗೆಸೊಪ್ಪಿನಲ್ಲಿ ವರ್ಷಗಟ್ಟಲೆ ಉಳಿಯುವ ಮೊಸಾಯಿಕ್ ನಂಜು (ತಂಬಾಕಿನ ವೈರಸ್) ಬೆರಳಿನಿಂದ ಸಸಿಗೆ ದಾಟುತ್ತದೆ. ರೋಗದ ಎಲೆಯನ್ನು ಬಿಸಿಲಿಗೆ ಹಿಡಿದರೆ ತಿಳಿಹಸಿರು, ಕಡುಹಸಿರು ತೇಪೆ ಹಾಕಿದಂತೆ ಕಾಣುತ್ತದೆ. (ಬಿಳಿನೊಣ ಹರಡುವ ಎಲೆಸುರುಳಿ ನಂಜು ಬೇರೆ.) ಬೆಳೆಗಾರರನ್ನು ಗೋಳಾಡಿಸುವ ಈ ಗಟ್ಟಿತನವೇ ಮುಂದೆ ರಸಾಯನ ವಿಜ್ಞಾನಿಗಳನ್ನು ಸೆಳೆಯಿತು.

ಈ ರೋಗ ಅಂಟುರೋಗವೆಂದು 1886ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಅಡಾಲ್ಫ್ ಮಾಯರ್ ತೋರಿಸಿದರು. 1892ರಲ್ಲಿ ರಷ್ಯದ ಇವಾನೊವ್‌ಸ್ಕಿ ಎಲೆಯ ರಸವನ್ನು ಬ್ಯಾಕ್ಟೀರಿಯಾ ತಡೆಯುವ ಸೋಸುಕದಲ್ಲಿ ಸೋಸಿದರು. ಸೋಸಿದ ರಸವೂ ರೋಗ ಹಚ್ಚಿತು. 1898ರಲ್ಲಿ ಡಚ್ ವಿಜ್ಞಾನಿ ಬೈಜೆರಿಂಕ್ ಅದನ್ನು ವೈರಸ್ ಎಂದು ಕರೆದರು. 1935ರಲ್ಲಿ ಅಮೆರಿಕದ ವೆಂಡೆಲ್ ಸ್ಟ್ಯಾನ್ಲಿ ಅದನ್ನು ಹರಳುಗಟ್ಟಿಸಿದರು.

ಅದರ ಆಕಾರವೇ ಸೊಗಸು. ಒಲೆ ಊದುವ ಕೊಳವೆಯನ್ನು ನೆನೆಸಿಕೊಳ್ಳಿ. ಉದ್ದ 300 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು), ದಪ್ಪ 18, ನಡುವಿನ ತೂತು 4. ಸುಮಾರು 2,130 ಪ್ರೋಟೀನ್ ತುಣುಕುಗಳು ವೈರಸ್ಸಿನ ತಳಿಮಾಹಿತಿ ಹೊತ್ತ ಆರ್‌ಎನ್‌ಎ ಎಳೆಯ ಜೊತೆ ಸುರುಳಿಯಾಗಿ ಜೋಡಿಕೊಂಡು ಈ ಕೊಳವೆಯಾಗುತ್ತದೆ. ಯಾವ ಕಾರ್ಖಾನೆಯೂ ಇಷ್ಟು ಸಣ್ಣ ಅಚ್ಚನ್ನು ಇಷ್ಟು ಕರಾರುವಾಕ್ಕಾಗಿ ಎರಕ ಹೊಯ್ಯಲಾರದು.

ಲೋಹದ ಅತಿಸಣ್ಣ ಕಣಗಳನ್ನು, ಅಂದರೆ ನ್ಯಾನೋಕಣಗಳನ್ನು, ತಯಾರಿಸಲು ಈ ಕೊಳವೆಯನ್ನೇ ಅಚ್ಚಾಗಿ ಬಳಸಬಹುದು. ಇಂಥ ಕಣಗಳ ದೊಡ್ಡ ತೊಡಕೆಂದರೆ ಅವು ಒಂದಕ್ಕೊಂದು ಅಂಟಿ ಗಂಟು ಕಟ್ಟುವುದು. ಅದನ್ನು ತಡೆಯಲು ಎಷ್ಟೋ ಸಲ ಹೆಚ್ಚು ಶಾಖ, ಸಾವಯವ ದ್ರಾವಕಗಳು ಬೇಕು. ವೈರಸ್ಸಿನ ಮೈಮೇಲಾದರೆ ವಿದ್ಯುದಾವೇಶವಿರುವ ಅಮೈನೋ ಆಮ್ಲಗಳಿಗೆ ಲೋಹದ ಅಯಾನುಗಳು ಕಚ್ಚಿಕೊಂಡು ಅಲ್ಲಲ್ಲೇ ಕಣವಾಗಿ ಬೆಳೆಯುತ್ತವೆ. ನೀರು, ಕೋಣೆಯ ಉಷ್ಣಾಂಶ ಸಾಕು. 1999ರಲ್ಲಿ ರಸಾಯನ ವಿಜ್ಞಾನಿಗಳಾದ ಸ್ಟೀಫನ್ ಮನ್, ಟ್ರೆವರ್ ಡಗ್ಲಸ್ ಮತ್ತು ಸಂಗಡಿಗರು ಈ ಕೊಳವೆಗೆ ಸಿಲಿಕಾ, ಕಬ್ಬಿಣದ ಆಕ್ಸೈಡ್, ಕ್ಯಾಡ್ಮಿಯಂ ಸಲ್ಫೈಡ್ ಹೊದಿಸಿದರು. 2003ರಲ್ಲಿ ಜರ್ಮನಿಯ ವಿಜ್ಞಾನಿಗಳು ತೂತಿನೊಳಗೇ 3 ನ್ಯಾನೋಮೀಟರ್ ದಪ್ಪದ ನಿಕ್ಕಲ್, ಕೋಬಾಲ್ಟ್ ತಂತಿ ಬೆಳೆಸಿದರು. ಬ್ಯಾಕ್ಟೀರಿಯಾಕ್ಕೆ ತಗಲುವ ಎಂ13 ವೈರಸ್ಸಿನ ಮೇಲೆ ಅಮೆರಿಕದ ಏಂಜೆಲಾ ಬೆಲ್ಚರ್ ತಂಡ 2006ರಲ್ಲಿ ಲಿಥಿಯಂ ಬ್ಯಾಟರಿಯ ವಿದ್ಯುದ್ವಾರವನ್ನೇ ಕಟ್ಟಿತು.

ಇದನ್ನೆಲ್ಲ ‘ಹಸಿರು’, ಅಂದರೆ ಪರಿಸರಕ್ಕೆ ಹಿತ, ಎನ್ನುವಾಗ ನಮ್ಮ ಕೋಲಾರ ಜಿಲ್ಲೆಯವರು ತಡೆದು ಕೇಳಬೇಕು. ಚಿನ್ನ ತೆಗೆಯಲು ಸೈನೈಡ್ ಬಳಸಿದ ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು. ಅದಿರಿನ ಪುಡಿಯ ದಿಬ್ಬಗಳು ಊರ ಪಕ್ಕದಲ್ಲೇ ಉಳಿದವು. ಅಚ್ಚು ಹಸಿರಾದರೂ ಕ್ಯಾಡ್ಮಿಯಂ ವಿಷವೇ. ಲೋಹವನ್ನು ಕಣವಾಗಿಸಲು ಎಷ್ಟೋ ವಿಧಾನಗಳಲ್ಲಿ ಇಂದಿಗೂ ಸೋಡಿಯಂ ಬೋರೋಹೈಡ್ರೈಡ್ ಎಂಬ ಅಪಾಯಕಾರಿ ರಾಸಾಯನಿಕ ಬೇಕು.

ಮೊಸಾಯಿಕ್ ನಂಜು ಮನುಷ್ಯರಿಗೆ ರೋಗ ತರುವುದಿಲ್ಲ. ಆದರೆ ಅಚ್ಚಿಗೆಂದು ಅದನ್ನು ಬೆಳೆಸುವುದು ತಂಬಾಕು ಗಿಡದಲ್ಲೇ. ಟೊಮೆಟೊ ಹೊಲಗಳ ನಡುವೆ ಅಂಥ ಹಸಿರುಮನೆ ಯಾರಿಗೂ ಬೇಡ. ಅದಕ್ಕೆಂದೇ ಕೆಲವರು ಆರ್‌ಎನ್‌ಎ ಬಿಟ್ಟು ಕವಚದ ಪ್ರೋಟೀನನ್ನಷ್ಟೇ ಬ್ಯಾಕ್ಟೀರಿಯಾದಲ್ಲಿ ತಯಾರಿಸುತ್ತಾರೆ. ಕೊಳವೆಯೋ ಬಿಲ್ಲೆಯೋ ಅದರಿಂದಲೂ ಕಟ್ಟಿಕೊಳ್ಳುತ್ತದೆ, ಲೋಹವೂ ಕೂರುತ್ತದೆ. ಸಸಿಗೆ ಸೋಂಕು ಹಚ್ಚಲು ಮಾತ್ರ ಅದರಲ್ಲಿ ಏನೂ ಇರುವುದಿಲ್ಲ.