ಪಾಪಿಗೆ ಕ್ಷಮೆ ಇದೆ, ಪೆಟ್ಟು ತಿಂದವರಿಗೆ?

ಕೊರಿಯಾದ ಕ್ರೈಸ್ತ ಚಿಂತನೆಯನ್ನು ಓದಲು ಕೂತವರಿಗೆ ಮೊದಲಿಗೇ ಎದುರಾಗುವುದು 'ಹಾನ್'. ಅನ್ಯಾಯವನ್ನು ಸಹಿಸಿ ಸಹಿಸಿ, ನ್ಯಾಯ ಕೇಳುವ ದಾರಿಯೂ ಕಾಣದೆ ಎದೆಯಲ್ಲೇ ಹೆಪ್ಪುಗಟ್ಟಿದ ಸಂಕಟ ಅದು. ಅದನ್ನು ಹೊತ್ತು ಬದುಕಿದ ಜನಸಾಮಾನ್ಯರು 'ಮಿನ್‌ಜುಂಗ್'. 1910ರಿಂದ ಜಪಾನಿನ ಆಳ್ವಿಕೆ, 1945ರಲ್ಲಿ ಬಿಡುಗಡೆಯ ಜೊತೆಗೇ ದೇಶದ ವಿಭಜನೆ, 1950ರಲ್ಲಿ ಯುದ್ಧ, 1961ರಲ್ಲಿ ಸೇನಾ ದಂಗೆ: ಹಾನ್ ಬೆಳೆಯಲು ಇಷ್ಟು ಸಾಕಾಗಿತ್ತು. ಆದರೆ ಅದು ದೇವಶಾಸ್ತ್ರದೊಳಗೆ ಬಂದದ್ದು ಬಟ್ಟೆ ಹೊಲಿಯುವ ಕಾರ್ಖಾನೆಗಳ ಮೂಲಕ.

ಸಿಯೋಲ್‌ನ ಪ್ಯೊಂಗ್‌ಹ್ವಾ ಮಾರುಕಟ್ಟೆಯಲ್ಲಿ ಸೂರಿನಡಿ ಅಟ್ಟ ಕಟ್ಟಿ, ತಲೆ ಎತ್ತಿ ನಿಲ್ಲಲೂ ಆಗದ ಜಾಗದಲ್ಲಿ ಹದಿಹರೆಯದ ಹುಡುಗಿಯರನ್ನು ದಿನಕ್ಕೆ ಹದಿನಾಲ್ಕು ತಾಸು ದುಡಿಸುತ್ತಿದ್ದರು. ಅಲ್ಲಿ ಕತ್ತರಿ ಹಿಡಿದು ಬಟ್ಟೆ ಕತ್ತರಿಸುತ್ತಿದ್ದ ಜಿಯಾನ್ ಟೆ-ಇಲ್ ಎಂಬ ಯುವಕ, ಬಸ್ಸಿನ ಕಾಸಿನಲ್ಲಿ ಆ ಮಕ್ಕಳಿಗೆ ತಿಂಡಿ ಕೊಡಿಸಿ ತಾನು ನಡೆದೇ ಮನೆ ಸೇರುತ್ತಿದ್ದ. ಕಾರ್ಮಿಕ ಕಾನೂನು ಓದಿದ, ಅಧಿಕಾರಿಗಳಿಗೆ ಅರ್ಜಿ ಕೊಟ್ಟ. ಯಾರೂ ಕಿವಿಗೊಡಲಿಲ್ಲ. 1970ರ ನವೆಂಬರ್ 13ರಂದು ಕಾನೂನು ಪುಸ್ತಕದ ಜೊತೆ ತನಗೂ ಬೆಂಕಿ ಹಚ್ಚಿಕೊಂಡು, "ನಾವು ಯಂತ್ರಗಳಲ್ಲ" ಎಂದು ಕೂಗಿದ. ಆಗ ಅವನಿಗೆ 22 ವರ್ಷ. ಅವನು ಚರ್ಚಿಗೆ ಹೋಗುತ್ತಿದ್ದ ಕ್ರೈಸ್ತ. ತಾಯಿ ಲೀ ಸೊ-ಸನ್ 2011ರಲ್ಲಿ ತೀರಿಕೊಳ್ಳುವವರೆಗೂ ಕಾರ್ಮಿಕರ ಬೆನ್ನಿಗೆ ನಿಂತಿದ್ದರು.

ಆ ಸಾವಿನ ಮುಂದೆ ಚರ್ಚಿನ ಹಳೆಯ ಉಪದೇಶ ಸಪ್ಪೆಯಾಯಿತು. ಸುವಾರ್ತೆಗಳಲ್ಲಿ ಯೇಸುವನ್ನು ಸುತ್ತುವರಿದ ಜನಜಂಗುಳಿಯೇ ಮಿನ್‌ಜುಂಗ್ ಎಂದು ಬೈಬಲ್ ವಿದ್ವಾಂಸ ಆನ್ ಬ್ಯುಂಗ್-ಮು ಮಾರ್ಕನ ಸುವಾರ್ತೆಯ ಪುಟಗಳನ್ನಿಟ್ಟುಕೊಂಡು ತೋರಿಸಿದರು. ಪಾದ್ರಿ ಜನರ ಹಾನ್ ಬಿಡಿಸುವ ಪುರೋಹಿತನಾಗಬೇಕು ಎಂದರು ದೇವಶಾಸ್ತ್ರಜ್ಞ ಸು ನಮ್-ದೊಂಗ್. ಸತ್ತವರ ಹಾನ್ ಬಿಡಿಸಿ ಕಳಿಸುವ 'ಗುತ್' ಆಚರಣೆಯನ್ನು ಕೊರಿಯಾದ ಹಳ್ಳಿಗಳು ಮೊದಲಿನಿಂದ ಬಲ್ಲವು. ಚರ್ಚ್ ಅದನ್ನು ಮೂಢನಂಬಿಕೆ ಎಂದು ದೂರ ಇಟ್ಟಿತ್ತು. ಸರ್ವಾಧಿಕಾರವನ್ನು ಖಂಡಿಸಿ 1976ರ ಮಾರ್ಚ್ 1ರಂದು ಮ್ಯೊಂಗ್‌ದೊಂಗ್ ಕೆಥೆಡ್ರಲ್‌ನಲ್ಲಿ ಹೊರಟ ಘೋಷಣೆಯ ಪ್ರಕರಣದಲ್ಲಿ ಆನ್, ಸು ಇಬ್ಬರೂ ಜೈಲು ಸೇರಿದರು. ಈ ಮಿನ್‌ಜುಂಗ್ ದೇವಶಾಸ್ತ್ರ ಕಂಬಿಯ ಹಿಂದೆ ಕೂತವರ ಬರಹವಾದ್ದರಿಂದಲೇ ಅದಕ್ಕೆ ಆ ತೂಕ ಎಂದು ನನಗನ್ನಿಸುತ್ತದೆ.

1987ರಲ್ಲಿ ಪ್ರಜಾಪ್ರಭುತ್ವಕ್ಕೆ ದಾರಿ ತೆರೆಯಿತು. ದೇಶ ಸಿರಿವಂತವಾದಂತೆ ಮಿನ್‌ಜುಂಗ್ ಯಾರು ಎಂಬುದೇ ಗೋಜಲಾಯಿತು. ಹಾನ್ ಕೊರಿಯನ್ನರ ರಕ್ತಗುಣ ಎನ್ನುವ ಮಾತೂ ಹರಡಿತು. ಕೊರಿಯಾದ ಕಲೆಯಲ್ಲೆಲ್ಲ ದುಃಖವನ್ನೇ ಕಂಡ ವಸಾಹತು ಕಾಲದ ಜಪಾನಿ ಬರಹಗಳ ನೆರಳು ಅದರಲ್ಲಿದೆ ಎಂದು ಇತಿಹಾಸಕಾರರು ಎಚ್ಚರಿಸುತ್ತಾರೆ. ಆ ಎಚ್ಚರ ಬೇಕೇ ಬೇಕು. ನೋವಿಗೆ ಕಾರಣ ಕಟ್ಟಳೆ, ಕೂಲಿ, ಬಂದೂಕು; ರಕ್ತವಲ್ಲ.

1991ರಲ್ಲಿ ಕ್ಯಾನ್‌ಬೆರಾದ ವಿಶ್ವ ಚರ್ಚುಗಳ ಸಭೆಯಲ್ಲಿ ಕೊರಿಯಾದ ದೇವಶಾಸ್ತ್ರಜ್ಞೆ ಚುಂಗ್ ಹ್ಯುನ್ ಕ್ಯುಂಗ್, ಹಾನ್ ತುಂಬಿದ ಆತ್ಮಗಳನ್ನು ಹೆಸರು ಹಿಡಿದು ಕರೆದಾಗ ಹಲವರು ಸಿಡಿದೆದ್ದರು. ಎರಡು ವರ್ಷದ ಬಳಿಕ ಕೊರಿಯನ್ ಮೂಲದ ದೇವಶಾಸ್ತ್ರಜ್ಞ ಆಂಡ್ರ್ಯೂ ಸುಂಗ್ ಪಾರ್ಕ್ ಪ್ರಶ್ನೆಯನ್ನು ನೇರವಾಗಿ ಇಟ್ಟರು: ಪಾಪ ಮಾಡಿದವರ ಕ್ಷಮೆಯ ಬಗ್ಗೆ ಚರ್ಚ್ ಶತಮಾನಗಳಿಂದ ಮಾತಾಡಿದೆ, ಪಾಪಕ್ಕೆ ಗುರಿಯಾದವರ ಗಾಯಕ್ಕೆ ಏನು ಹೇಳುತ್ತದೆ? ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ಚಿಗುರಿದ ದಲಿತ ದೇವಶಾಸ್ತ್ರವೂ ಇದೇ ಪ್ರಶ್ನೆಯನ್ನು ಜಾತಿಯ ಮುಂದಿಟ್ಟು ಕೇಳುತ್ತಿದೆ.