ಬೆಂಚಿಗೂ ಸಮೃದ್ಧಿಗೂ ಏನು ಸಂಬಂಧ?

ಓದುಗರ ಪ್ರಶ್ನೆ: ನಮ್ಮ ಬಡಾವಣೆಯ ಪಾರ್ಕಿಗೆ ಹೊಸ ಗೇಟು, ಗೋಡೆಗೆ ಚಿತ್ರ, ನಾಲ್ಕು ಬೆಂಚು ಬಂದಿವೆ. ಉದ್ಘಾಟನೆಯ ದಿನ ಭಾಷಣ ಮಾಡಿದವರು ಇದು ‘ಪ್ಲೇಸ್‌ಮೇಕಿಂಗ್’, ಇದರಿಂದ ಎಲ್ಲರನ್ನೂ ಒಳಗೊಂಡ, ಆರೋಗ್ಯವಂತ, ಸಮೃದ್ಧ ಸಮುದಾಯ ಬೆಳೆಯುತ್ತದೆ ಎಂದರು. ನಾಲ್ಕು ಬೆಂಚಿನಿಂದ ಇಷ್ಟೆಲ್ಲ ಆಗುತ್ತದೆಯೇ?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಕೇಳುವವರ ದನಿಯಲ್ಲಿ ಸಣ್ಣದೊಂದು ಗುಮಾನಿಯೂ ಇರುತ್ತದೆ. ಆ ಗುಮಾನಿ ಸರಿಯಾದದ್ದೇ. ಗೋಡೆಗೆ ಚಿತ್ರ ಬರೆಸಿ, ಸೆಲ್ಫಿಗೆಂದು ಊರಿನ ಹೆಸರನ್ನು ಆಳೆತ್ತರದ ಅಕ್ಷರಗಳಲ್ಲಿ ನಿಲ್ಲಿಸಿ, ಟೇಪು ಕತ್ತರಿಸಿ ಹೋಗುವ ಕೆಲಸಕ್ಕೆ ನಮ್ಮಲ್ಲಿ ‘ಸುಂದರೀಕರಣ’ ಎಂಬ ಹಳೆಯ ಹೆಸರು ಇದ್ದೇ ಇದೆ. ಅದಕ್ಕೆ ಹೊಸ ಹೆಸರು ಬೇಕಿರಲಿಲ್ಲ.

ಪ್ಲೇಸ್‌ಮೇಕಿಂಗ್ ಎಂದರೆ, ಬೀದಿ, ಪಾರ್ಕು, ಕೆರೆದಂಡೆ, ಬಸ್ ನಿಲ್ದಾಣದಂಥ ಎಲ್ಲರ ಜಾಗದಲ್ಲಿ ಜನ ಏನು ಮಾಡುತ್ತಾರೆ ಎಂದು ಮೊದಲು ನೋಡಿ, ಅವರನ್ನೇ ಕೇಳಿ, ಸ್ವಲ್ಪ ಸ್ವಲ್ಪವಾಗಿ ತಿದ್ದುತ್ತಾ ಹೋಗುವುದು. ತಿದ್ದಿದ ಮೇಲೆ ಮತ್ತೆ ನೋಡುವುದು. ನನ್ನ ಮಟ್ಟಿಗೆ ಇದಕ್ಕೊಂದು ಸರಳ ಪರೀಕ್ಷೆ ಇದೆ. ಜೇಬಿನಲ್ಲಿ ಒಂದು ರೂಪಾಯಿಯೂ ಇಲ್ಲದವರು, ಯಾರ ಅಪ್ಪಣೆಯನ್ನೂ ಕೇಳದೆ, ಯಾರಿಂದಲೂ ಎಬ್ಬಿಸಿಕೊಳ್ಳದೆ ಅಲ್ಲಿ ಅರ್ಧ ಗಂಟೆ ಕೂತಿರಬಹುದೇ? ಕೂರಬಹುದಾದರೆ ಅದು ಊರಿನ ಜಾಗ. ಇಲ್ಲವಾದರೆ ನೆಲಕ್ಕೆ ಎಷ್ಟೇ ಗ್ರಾನೈಟ್ ಹಾಸಿದ್ದರೂ ಅದು ನೋಡಿ ಹೋಗುವ ಜಾಗ, ಅಷ್ಟೇ.

ಇಡೀ ಲೋಕದಲ್ಲಿ ಈ ವಿದ್ಯೆಯನ್ನು ಕಲಿಸಿಕೊಟ್ಟ ಪಾಠಶಾಲೆ ಎನ್ನಬಹುದಾದ ಒಂದು ಪಾರ್ಕಿನ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನ್ಯೂಯಾರ್ಕ್‌ನಲ್ಲಿ 42ನೇ ಬೀದಿಯ ಪಕ್ಕ, ದೊಡ್ಡ ಸಾರ್ವಜನಿಕ ಗ್ರಂಥಾಲಯದ ಬೆನ್ನಿಗೆ ಬ್ರಯಂಟ್ ಪಾರ್ಕ್ ಇದೆ. 1930ರ ದಶಕದಲ್ಲಿ ಅದನ್ನು ಹೊಸದಾಗಿ ರೂಪಿಸಿದವರು, ಗದ್ದಲದ ನಡುವೆ ಒಂದು ಶಾಂತ ತಾಣವಾಗಲಿ ಎಂದು ನೆಲವನ್ನು ಬೀದಿಗಿಂತ ಎತ್ತರಿಸಿದರು. ಸುತ್ತ ಕಬ್ಬಿಣದ ಬೇಲಿ, ಬೇಲಿಯ ಒಳಗೆ ಪೊದೆಗಳ ಸಾಲು. ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಒಳಗೆ ಏನಾಗುತ್ತಿದೆ ಎಂಬುದು ದಾರಿಹೋಕರಿಗೆ ಕಾಣದಂತಾಯಿತು. ಕಾಣದ ಕಡೆಗೆ ಯಾರು ತಾನೇ ಕಾಲಿಡುತ್ತಾರೆ? 1970ರ ದಶಕದ ಹೊತ್ತಿಗೆ ಅದು ಮಾದಕವಸ್ತು ಮಾರುವವರ ಅಡ್ಡೆಯಾಗಿತ್ತು.

ಅದೇ ಕಾಲದಲ್ಲಿ ವಿಲಿಯಂ ಎಚ್. ವೈಟ್ ಎಂಬ ಪತ್ರಕರ್ತ ನ್ಯೂಯಾರ್ಕ್‌ನ ಚೌಕಗಳಿಗೆ ಕ್ಯಾಮೆರಾ ಇಟ್ಟು, ಜನ ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಕೂರುತ್ತಾರೆ, ಎಷ್ಟು ಹೊತ್ತು ಇರುತ್ತಾರೆ ಎಂದು ವರ್ಷಗಟ್ಟಲೆ ಎಣಿಸುತ್ತಿದ್ದ. ಅವನು ಕಂಡುಕೊಂಡದ್ದು ಕೇಳಿದರೆ ನಗು ಬರುವಷ್ಟು ಸರಳ: ಕೂರಲು ಜಾಗ ಇರುವಲ್ಲಿ ಜನ ಕೂರುತ್ತಾರೆ. ಬಿಸಿಲು, ಮರ, ನೀರು, ತಿಂಡಿಗಾಡಿ ಎಲ್ಲ ಲೆಕ್ಕಕ್ಕೆ ಬರುತ್ತವೆ. ಆದರೆ ಕೂರುವ ಜಾಗವೇ ಇಲ್ಲದಿದ್ದರೆ ಯಾವುದೂ ಪ್ರಯೋಜನಕ್ಕಿಲ್ಲ. ಇನ್ನೊಂದು ಸೂಕ್ಷ್ಮವನ್ನೂ ಅವನು ಗಮನಿಸಿದ. ಅತ್ತಿತ್ತ ಎಳೆಯಬಹುದಾದ ಕುರ್ಚಿ ಇಟ್ಟರೆ, ಜನ ಕೂರುವ ಮುನ್ನ ಅದನ್ನು ಒಂದೆರಡು ಇಂಚಾದರೂ ಸರಿಸುತ್ತಾರೆ, ಸರಿಸುವ ಅಗತ್ಯ ಏನೂ ಇಲ್ಲದಿದ್ದರೂ. ‘ಈ ಹೊತ್ತಿಗೆ ಇದು ನನ್ನ ಜಾಗ’ ಎಂದು ಹೇಳಿಕೊಳ್ಳುವ ರೀತಿ ಅದು. ಮದುವೆಮನೆಯಲ್ಲಿ ನಮ್ಮವರು ಕುರ್ಚಿಯನ್ನು ಫ್ಯಾನಿನ ಕೆಳಗೆ, ಬೀಗರಿಂದ ತುಸು ದೂರಕ್ಕೆ ಎಳೆದುಕೊಳ್ಳುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಬ್ರಯಂಟ್ ಪಾರ್ಕಿಗೆ ಮದ್ದು ಏನು ಎಂದು ಕೇಳಿದಾಗ ವೈಟ್ ಪೊದೆ ತೆಗೆಯಿರಿ, ದಾರಿಗಳನ್ನು ಹೆಚ್ಚಿಸಿ, ಬೀದಿಯಿಂದ ಒಳಗೆ ಕಣ್ಣು ಹಾಯುವಂತೆ ಮಾಡಿ ಎಂದ. 1980ರಲ್ಲಿ ಪಾರ್ಕಿನ ಉಸ್ತುವಾರಿಗೆಂದೇ ಒಂದು ಲಾಭರಹಿತ ಸಂಸ್ಥೆ ಹುಟ್ಟಿತು. 1988ರಲ್ಲಿ ಪಾರ್ಕನ್ನು ಮುಚ್ಚಿ, ತಿದ್ದಿ, 1992ರಲ್ಲಿ ಮತ್ತೆ ತೆರೆದರು. ಒಳಗೆ ಸರಿಸಬಹುದಾದ ಹಗುರ ಕುರ್ಚಿಗಳು, ತಿಂಡಿಯ ಅಂಗಡಿಗಳು, ಹೂವಿಟ್ಟ ಶುಚಿಯಾದ ಶೌಚಾಲಯ. ಕುರ್ಚಿ ಕದ್ದುಕೊಂಡು ಹೋಗುವುದಿಲ್ಲವೇ ಎಂಬ ಪ್ರಶ್ನೆ ನಮಗೆ ಬರುವ ಹಾಗೆ ಅಲ್ಲಿಯವರಿಗೂ ಬರಬೇಕಾದದ್ದೇ. ಕುರ್ಚಿಗಳು ಇಂದಿಗೂ ಇವೆ, ಮಧ್ಯಾಹ್ನದ ಊಟದ ಹೊತ್ತಿಗೆ ಖಾಲಿ ಸಿಗುವುದು ಕಷ್ಟ.

ವೈಟ್ ಕೊಟ್ಟ ಇನ್ನೊಂದು ಅಳತೆಗೋಲು ನನಗೆ ಬಹಳ ಇಷ್ಟ. ಒಂದು ಜಾಗ ಹೇಗಿದೆ ಎಂದು ತಿಳಿಯಬೇಕಾದರೆ ಅಲ್ಲಿ ಹೆಂಗಸರು ಎಷ್ಟು ಮಂದಿ ಎಂದು ಎಣಿಸಿ. ಅವರ ಪಾಲು ಕಡಿಮೆ ಇದ್ದರೆ ಅಲ್ಲಿ ಏನೋ ಸರಿಯಿಲ್ಲ. ಬೆಳಕು ಸಾಲದು, ಶೌಚಾಲಯವಿಲ್ಲ, ಅಥವಾ ದಿಟ್ಟಿಸಿ ನೋಡುವ ಕಣ್ಣುಗಳು ಹೆಚ್ಚಿವೆ. 2023ರ ಜೂನ್‌ನಿಂದ ಕರ್ನಾಟಕದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಪ್ರಯಾಣ ಉಚಿತ, ಬಸ್ಸುಗಳು ತುಂಬಿ ಹೋಗುತ್ತಿವೆ. ಆದರೆ ಬಸ್ಸಿಳಿದ ಮೇಲೆ ಅವರು ಎಲ್ಲಿ ಕೂರುತ್ತಾರೆ? ನಿಮ್ಮೂರಿನ ಸರ್ಕಲ್‌ನಲ್ಲಿ ಒಂದು ಸಂಜೆ ನಿಂತು ಎಣಿಸಿ ನೋಡಿ.

ಇಷ್ಟು ಹೇಳಿದರೆ ಯಾರಾದರೂ ಒಬ್ಬರು, ‘ಇದೆಲ್ಲ ನಮಗೇನು ಹೊಸತೇ? ನಮ್ಮ ಅರಳಿಕಟ್ಟೆ, ಜಗಲಿ, ಸಂತೆಮಾಳ ಇದೇ ತಾನೇ?’ ಎನ್ನುತ್ತಾರೆ. ಅರ್ಧ ನಿಜ. ಮರದ ನೆರಳು, ಕೂರುವ ಎತ್ತರಕ್ಕೆ ಕಲ್ಲು, ಎದುರಿಗೆ ಹಾದುಹೋಗುವ ಊರು: ವೈಟ್ ಕ್ಯಾಮೆರಾ ಇಟ್ಟು ಕಂಡುಕೊಂಡದ್ದನ್ನು ಕಟ್ಟೆ ಕಟ್ಟಿದವರು ಕ್ಯಾಮೆರಾ ಇಲ್ಲದೆ ಬಲ್ಲವರಾಗಿದ್ದರು. ಸೋಮಾರಿಕಟ್ಟೆ ಎಂದು ನಾವು ಅದನ್ನು ಹಂಗಿಸುವುದರಲ್ಲೂ ಒಂದು ಮೆಚ್ಚುಗೆ ಇದೆ. ಕೆಲಸವಿಲ್ಲದೆ ಕೂರುವ ಹಕ್ಕನ್ನು ಅದು ಕೊಟ್ಟಿತ್ತು. ಆದರೆ ಯಾರಿಗೆ ಕೊಟ್ಟಿತ್ತು? ಎಷ್ಟೋ ಊರುಗಳಲ್ಲಿ ದಲಿತರು ಆ ಕಟ್ಟೆಯ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕಿತ್ತು, ಕೂರುವ ಮಾತು ದೂರವೇ ಉಳಿಯಿತು. ಹೆಂಗಸರು ನೀರು ಹೊತ್ತು ಅದರ ಮುಂದೆ ಹಾದುಹೋದರೇ ಹೊರತು ಕೂರಲಿಲ್ಲ. ಹಾಗಾಗಿ ಅರಳಿಕಟ್ಟೆಯ ಆಕಾರವನ್ನು ಎರವಲು ಪಡೆಯಬಹುದು, ಅದರ ಕಟ್ಟುಪಾಡನ್ನಲ್ಲ.

ಮಹಾರಾಷ್ಟ್ರದ ಮಹಾಡ್ ಎಂಬ ಊರು ಇಲ್ಲಿ ನೆನಪಾಗುತ್ತದೆ. ಸಾರ್ವಜನಿಕ ಕೆರೆಬಾವಿಗಳನ್ನು ಅಸ್ಪೃಶ್ಯರೂ ಬಳಸಬಹುದು ಎಂದು ಮುಂಬೈ ಶಾಸನಸಭೆ ನಿರ್ಣಯ ಮಾಡಿದ್ದು 1923ರಲ್ಲಿ. ಮಹಾಡ್‌ನ ಪುರಸಭೆ ಮರುವರ್ಷ ಅದನ್ನು ಒಪ್ಪಿತ್ತು ಕೂಡ. ಕಾಗದದ ಮೇಲೆ ಆ ಊರಿನ ಚವದಾರ್ ಕೆರೆ ಎಲ್ಲರದ್ದೂ ಆಗಿತ್ತು. ಆದರೂ 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಡನೆ ನಡೆದುಹೋಗಿ ಆ ನೀರು ಕುಡಿಯಬೇಕಾಯಿತು. ಕುಡಿದದ್ದಕ್ಕೆ ಜನ ಪೆಟ್ಟು ತಿನ್ನಬೇಕಾಯಿತು. ‘ಎಲ್ಲರಿಗೂ ಮುಕ್ತ’ ಎಂಬ ಫಲಕಕ್ಕೂ ಎಲ್ಲರೂ ಬರುವುದಕ್ಕೂ ನಡುವಿನ ದೂರ ಎಷ್ಟೆಂದು ಇದಕ್ಕಿಂತ ಚೆನ್ನಾಗಿ ತೋರಿಸುವ ಕಥೆ ನನಗೆ ಗೊತ್ತಿಲ್ಲ.

ಇಂದಿನ ಬೆಂಗಳೂರಿನ ಪಾರ್ಕುಗಳಲ್ಲಿ ಜಾತಿ ಕೇಳುವ ಫಲಕವಿಲ್ಲ, ಆದರೆ 2024ರವರೆಗೂ ಒಂದು ವೇಳಾಪಟ್ಟಿ ಇತ್ತು. ಬೆಳಗ್ಗೆ ವಾಕಿಂಗ್‌ನವರಿಗೆ ಒಂದು ಪಾಳಿ, ಸಂಜೆ ಇನ್ನೊಂದು; ಬಿಸಿಲೇರಿದ ಮೇಲೆ ಗೇಟಿಗೆ ಬೀಗ. ನಡುಹಗಲಲ್ಲಿ ನೆರಳು ಯಾರಿಗೆ ಬೇಕು? ಎರಡು ಮನೆಗಳ ಕೆಲಸದ ನಡುವೆ ಒಂದು ಗಂಟೆ ಬಿಡುವು ಸಿಕ್ಕ ಹೆಂಗಸಿಗೆ, ಬೆಳಗಿನ ಜಾವದಿಂದ ಗುಡಿಸಿ ಬಂದ ಪೌರಕಾರ್ಮಿಕರಿಗೆ, ಮುಂದಿನ ಆರ್ಡರ್‌ಗೆ ಕಾಯುವ ಡೆಲಿವರಿ ಹುಡುಗನಿಗೆ. ಅವರು ಗೇಟಿನ ಹೊರಗೆ, ಫುಟ್‌ಪಾತಿನ ಅಂಚಿನಲ್ಲಿ ಬುತ್ತಿ ಬಿಚ್ಚುತ್ತಿದ್ದರು. ಬೀಗ ಹಾಕಿದವರ ಮನಸ್ಸಿನಲ್ಲಿ ಕೇಡಿತ್ತು ಎನ್ನಲಾರೆ. ಆ ಹೊತ್ತಿಗೆ ಪಾರ್ಕಿಗೆ ಬರುವವರು ಅವರ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೇ. 2024ರ ಜೂನ್‌ನಲ್ಲಿ ಆಗಿನ ಬಿಬಿಎಂಪಿ ಪಾರ್ಕುಗಳನ್ನು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ನಿರ್ಧರಿಸಿತು. ಒಂದು ಇಟ್ಟಿಗೆಯನ್ನೂ ಇಡದೆ ಆದ ಪ್ಲೇಸ್‌ಮೇಕಿಂಗ್ ಅದು. ನಿಮ್ಮ ಪಾರ್ಕಿನ ಹೊಸ ಗೇಟಿನ ಬೀಗದ ಕೈ ಯಾರ ಹತ್ತಿರ ಇದೆ, ಎಷ್ಟು ಹೊತ್ತಿಗೆ ತೆರೆಯುತ್ತಾರೆ ಎಂದು ಒಮ್ಮೆ ವಿಚಾರಿಸಿ.

ಆರೋಗ್ಯದ ಮಾತು ಹೆಚ್ಚು ಬೆಳೆಸಬೇಕಿಲ್ಲ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬೆಚ್ಚಗಾಗುವಷ್ಟು ಓಡಾಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಡಾಕ್ಟರು ‘ವಾಕಿಂಗ್ ಮಾಡಿ ಅಮ್ಮ’ ಎಂದು ಚೀಟಿ ಬರೆಯುವುದು ಸುಲಭ. ಮಂಡಿ ನೋಯುವವರಿಗೆ ನಡೆಯಲು ಮುಖ್ಯವಾಗಿ ಬೇಕಾದದ್ದು ಕೂರಲು ಒಂದು ಜಾಗ. ಮುಂದಿನ ಬೆಂಚು ಎಲ್ಲಿದೆ ಎಂದು ಗೊತ್ತಿದ್ದರೆ ಮಾತ್ರ ಅವರು ಮನೆಯಿಂದ ಹೊರಡುತ್ತಾರೆ. ಸಕ್ಕರೆ ಕಾಯಿಲೆಯವರಿಗೆ ಶೌಚಾಲಯದ ವಿಷಯವೂ ಹಾಗೆಯೇ. ಇನ್ನು ಮರ. ಬೆಂಗಳೂರಿನ ರಸ್ತೆಗಳ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಾಲುಮರವಿರುವ ಕಡೆ ಮಧ್ಯಾಹ್ನದ ಗಾಳಿಯ ಉಷ್ಣತೆ 5.6 ಡಿಗ್ರಿಯವರೆಗೂ ಕಡಿಮೆ ಇದ್ದದ್ದು, ಡಾಂಬರಿನ ಮೈಬಿಸಿ 27.5 ಡಿಗ್ರಿಯವರೆಗೂ ಇಳಿದದ್ದು ಕಂಡುಬಂತು. ತಳ್ಳುಗಾಡಿಯವರಿಗೆ ಈ ಅಂಕಿ ಹೇಳಬೇಕಿಲ್ಲ, ಅವರು ಗಾಡಿ ನಿಲ್ಲಿಸುವ ಜಾಗ ನೋಡಿದರೆ ಸಾಕು.

ತಳ್ಳುಗಾಡಿ ಎಂದದ್ದರಿಂದ ಸಮೃದ್ಧಿಯ ಮಾತಿಗೆ ಬರೋಣ. ಬೀದಿಗೆ ವಾಹನ ಬಿಡದಿದ್ದರೆ ವ್ಯಾಪಾರ ನಿಲ್ಲುತ್ತದೆ ಎಂಬುದು ಎಲ್ಲ ಊರಿನ ಅಂಗಡಿಯವರ ಹಳೆಯ ಭಯ. ಡೆನ್ಮಾರ್ಕ್‌ನ ರಾಜಧಾನಿ ಕೋಪನ್‌ಹೇಗನ್‌ನ ಸ್ಟ್ರೊಯೆಟ್ ಎಂಬ ಮುಖ್ಯಬೀದಿಯನ್ನು 1962ರ ನವೆಂಬರ್‌ನಲ್ಲಿ ಪ್ರಯೋಗಕ್ಕೆಂದು ಕಾರುಗಳಿಗೆ ಮುಚ್ಚಿದಾಗ ಅಲ್ಲಿಯ ವರ್ತಕರೂ ಇದನ್ನೇ ಹೇಳಿದ್ದರು. ಬೀದಿಯಲ್ಲಿ ಅಡ್ಡಾಡಲು ನಾವೇನು ಇಟಲಿಯವರೇ, ಈ ಚಳಿಯಲ್ಲಿ ಯಾರು ಬರುತ್ತಾರೆ ಎಂಬ ವಾದವೂ ಇತ್ತು. ಜನ ಬಂದರು, ಕೊಂಡರು, 1964ರಲ್ಲಿ ಅದು ಕಾಯಂ ಆಯಿತು. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲೂ 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯಕ್ಕೆ ವಾಹನ ಬಿಡಲಿಲ್ಲ. ಬೀದಿಯ ನಡುವೆ ಮಕ್ಕಳು ಓಡಾಡಿದರು, ಹಾಡುವವರು ಹಾಡಿದರು. ಪ್ರಯೋಗ ಮುಗಿಯಿತು, ವಾಹನ ವಾಪಸಾಯಿತು. ಒಂದು ಊರು ಎರಡು ವರ್ಷ ನೋಡಿ ಕಾಯಂ ಮಾಡಿತು, ನಾವು ನಾಲ್ಕು ತಿಂಗಳಿಗೆ ಬೇಸರಪಟ್ಟೆವು. ಹೋಲಿಕೆ ಪೂರ್ತಿ ನ್ಯಾಯವಾದದ್ದಲ್ಲ, ಗೊತ್ತು. ಆದರೂ ಹೊಟ್ಟೆ ಉರಿಯುತ್ತದೆ.

ವ್ಯಾಪಾರ ಹೆಚ್ಚಿದರೆ ಬಾಡಿಗೆಯೂ ಹೆಚ್ಚುತ್ತದೆ ಎಂಬ ಎಚ್ಚರವೂ ಬೇಕು. ನ್ಯೂಯಾರ್ಕ್‌ನಲ್ಲೇ ಹಳೆಯ ರೈಲುಸೇತುವೆಯ ಮೇಲೆ 2009ರಲ್ಲಿ ತೆರೆದ ಹೈ ಲೈನ್ ಎಂಬ ತೂಗುದೋಟ ಜಗತ್ಪ್ರಸಿದ್ಧವಾಯಿತು. ಸುತ್ತಲಿನ ನಿವೇಶನದ ಬೆಲೆ ಗಗನಕ್ಕೇರಿ, ಮೊದಲಿಂದ ಅಲ್ಲಿದ್ದ ಬಡ ಬಾಡಿಗೆದಾರರಿಗೆ ಆ ತೋಟ ಪರರದ್ದಾಯಿತು. ನಮ್ಮಲ್ಲಿ ಇದರ ಮೊದಲ ಬಲಿ ಬೀದಿ ವ್ಯಾಪಾರಿ. ರಸ್ತೆ ಚೆಂದವಾಗುತ್ತಲೇ ಸೊಪ್ಪಿನವರನ್ನು, ಪಾನಿಪುರಿಯವರನ್ನು ಎಬ್ಬಿಸುತ್ತಾರೆ. ಆಮೇಲೆ ಅದೇ ರಸ್ತೆ ಸಂಜೆ ಏಳಕ್ಕೇ ಬಿಕೋ ಎನ್ನುತ್ತದೆ ಎಂದು ದೂರುತ್ತಾರೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು ಎನ್ನುತ್ತದೆ. ರಾತ್ರಿ ಹತ್ತರವರೆಗೆ ಗ್ಯಾಸ್‌ಲೈಟ್ ಹಚ್ಚಿಕೊಂಡು ಕೂರುವ ಜೋಳದ ಗಾಡಿಯ ಅಕ್ಕನೇ ಆ ಬೀದಿಯ ನಿಜವಾದ ಕಾವಲು. ಆಕೆ ಇದ್ದರೆ ಟ್ಯೂಷನ್ ಮುಗಿಸಿದ ಹುಡುಗಿ ಆ ದಾರಿಯಲ್ಲೇ ಬರುತ್ತಾಳೆ.

ಕೆಲಸ ಹೇಗೆ ನಡೆಯಬೇಕು ಎಂಬುದಕ್ಕೆ ಹತ್ತಿರದ ಉದಾಹರಣೆ ಬೆಂಗಳೂರಿನ ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ. 2009ರ ಸುಮಾರಿಗೆ ಅದರ ಪುನಶ್ಚೇತನ ಶುರುವಾದಾಗ ಅಪಾರ್ಟ್‌ಮೆಂಟಿನವರು, ಹಳ್ಳಿಯವರು, ಪರಿಸರ ಬಲ್ಲವರು, ಪಾಲಿಕೆಯ ಎಂಜಿನಿಯರುಗಳು ಒಟ್ಟಿಗೆ ಕೂತರು. ಓಡುವವರಿಗೆ ಹಾದಿ ಬೇಕು, ಹಕ್ಕಿಗಳಿಗೆ ನಡುಗಡ್ಡೆ ಬೇಕು, ದನ ಸಾಕಿದವರಿಗೆ ದಂಡೆಯ ಹುಲ್ಲು ಬೇಕು, ಗಣೇಶನನ್ನು ಬಿಡಲು ಬೇರೆ ಕಲ್ಯಾಣಿ ಬೇಕು, ಪಕ್ಕದ ಸರ್ಕಾರಿ ಶಾಲೆಯ ಮಕ್ಕಳು ಹೊರಗುಳಿಯಬಾರದು. ಎಲ್ಲರ ಆಸೆಯೂ ಪೂರ್ತಿ ಈಡೇರಿತು ಎನ್ನಲಾರೆ. ಆದರೆ ಹುಲ್ಲು ಕೊಯ್ಯುವವರ ಮಾತು ಓಡುವವರ ಕಿವಿಗೆ ಬಿತ್ತಲ್ಲ, ಅದು ನಮ್ಮಲ್ಲಿ ಅಪರೂಪ.

ಈಗ ನಿಮ್ಮ ಪಾರ್ಕು. ಗೋಡೆಯ ಚಿತ್ರ ಇರಲಿ ಬಿಡಿ. ಒಂದು ನೋಟ್‌ಬುಕ್ ಹಿಡಿದು ಬೆಳಗ್ಗೆ 7, ಮಧ್ಯಾಹ್ನ 1, ಸಂಜೆ 6, ರಾತ್ರಿ 8ಕ್ಕೆ ಹೋಗಿ ಯಾರಿದ್ದಾರೆ ಎಂದು ಬರೆದುಕೊಳ್ಳಿ. ಹತ್ತಿರದಲ್ಲೇ ಇದ್ದೂ ಒಳಗೆ ಬಾರದವರನ್ನು ಹುಡುಕಿ ಮಾತಾಡಿಸಿ. ಹೂ ಮಾರುವವರು, ಮನೆಗೆಲಸದವರು, ಹದಿನಾಲ್ಕರ ಹುಡುಗಿಯರು. ಅವರು ಹೇಳಿದ್ದನ್ನು ವಾರ್ಡ್ ಸಮಿತಿಗೋ ಗ್ರಾಮಸಭೆಗೋ ಒಯ್ಯಿರಿ. ಆ ನಾಲ್ಕು ಬೆಂಚು ತಪ್ಪು ಜಾಗದಲ್ಲಿವೆ ಎನಿಸಿದರೆ ಹೊಸ ಬೆಂಚಿಗೆ ಅರ್ಜಿ ಹಾಕುವ ಮುಂಚೆ ಶಾಮಿಯಾನದ ಅಂಗಡಿಯಿಂದ ಒಂದು ಭಾನುವಾರಕ್ಕೆ ಮೂವತ್ತು ಪ್ಲಾಸ್ಟಿಕ್ ಕುರ್ಚಿ ಬಾಡಿಗೆಗೆ ತನ್ನಿ. ಸಾಲಾಗಿ ಜೋಡಿಸಬೇಡಿ, ಒಂದು ಮೂಲೆಯಲ್ಲಿ ಇಟ್ಟು ಬನ್ನಿ. ಸಂಜೆ ಹೋಗಿ ನೋಡಿ, ಯಾವ ಕುರ್ಚಿ ಎಲ್ಲಿಗೆ ಹೋಗಿದೆ, ಎಷ್ಟು ಕುರ್ಚಿ ಮುಖಾಮುಖಿಯಾಗಿವೆ, ಯಾವುದು ಒಂಟಿಯಾಗಿ ಮರದ ಬುಡ ಸೇರಿದೆ. ಬೆಂಚು ಅಲ್ಲಿ ಹಾಕಿಸಿ.